ಹಳೇ ಮಷೀನೋ, ಹೊಸ ಮಷೀನೋ? ಚಿಕ್ಕಪ್ಪನ ಶೆಡ್ಡಿನ ಒಂದು ತಕರಾರು

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕಂಪನಿ ಸೇರಿದವರಿಗೆ ನೆಂಟರ ನಡುವೆ ಒಂದು ವಿಚಿತ್ರ ಸ್ಥಾನ ಇರತ್ತೆ. ಕಂಪ್ಯೂಟರ್ ಕೆಟ್ಟರೂ ನಮ್ಮನ್ನೇ ಕರೀತಾರೆ, ಮಿಕ್ಸಿ ಕೆಟ್ಟರೂ ನಮ್ಮನ್ನೇ ಕರೀತಾರೆ. ಎರಡೂ ರಿಪೇರಿ ಮಾಡೋಕೆ ನಮಗೆ ಬರಲ್ಲ ಅನ್ನೋದು ಬೇರೆ ಮಾತು :-)

2024ರ ದೀಪಾವಳಿ ಕಳೆದ ವಾರ ಚಿಕ್ಕಪ್ಪ ಫೋನ್ ಮಾಡಿದ್ರು. "ಒಂದು ಮಿಲ್ಲಿಂಗ್ ಮಷೀನು ತಗೋಬೇಕು ಅಂತಿದೀನಿ ಕಣಪ್ಪಾ. ನಾನು ಹಳೇದು ನೋಡ್ತಿದೀನಿ. ನಿನ್ನ ತಮ್ಮ ಹೊಸದೇ ಬೇಕು ಅಂತ ಹಟ ಹಿಡ್ದು ಕೂತವ್ನೆ. ನೀನು ಓದಿದೋನು, ಬಂದು ಒಂದು ಮಾತು ಹೇಳು."

ನಾನು ಓದಿದ್ದು ನಿಜ. ಆದ್ರೆ ಮಿಲ್ಲಿಂಗ್ ಮಷೀನನ್ನು ಕೊನೇ ಸಲ ಮುಟ್ಟಿದ್ದು ನಾಲ್ಕನೇ ಸೆಮಿಸ್ಟರಿನ ಲ್ಯಾಬಿನಲ್ಲಿ. ಅದೂ ಹತ್ತು ಜನರ ಬ್ಯಾಚಿನಲ್ಲಿ ಹಿಂದೆ ನಿಂತುಕೊಂಡು. ಆದರೂ "ಬರ್ತೀನಿ ಚಿಕ್ಕಪ್ಪ" ಅಂದೆ. ಒಂದು ಕಾರಣ ಏನಂದ್ರೆ, ಮಷೀನು ಕೊಳ್ಳೋಕೆ ಎರಡು ಲಕ್ಷ ಕೊಡ್ತೀನಿ ಅಂತ ನಾನೇ ಮೊದಲೇ ಹೇಳಿಬಿಟ್ಟಿದ್ದೆ.

ಚಿಕ್ಕಪ್ಪನದು ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆಗೆ ಹಿಡಿದ ಸಣ್ಣ ಶೆಡ್ಡು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಪವರ್ ಹ್ಯಾಕ್ಸಾ. ಪಂಪಿನ ಶಾಫ್ಟು, ಬುಷ್ಷು ಇಂಥವು ಮಾಡಿಕೊಡ್ತಾರೆ. ಶಾಫ್ಟಿಗೆ ಕೀ ಕೂರೋಕೆ ಒಂದು ಗಾಡಿ ಬೇಕಲ್ಲ, ಅದೇ ಕೀವೇ, ಅದನ್ನು ಮಾತ್ರ ಹೊರಗಡೆ ಇನ್ನೊಂದು ಶೆಡ್ಡಿಗೆ ಕಳಿಸಬೇಕಿತ್ತು. ಅಲ್ಲಿ ಅವರ ಕೆಲಸ ಮುಗಿದ ಮೇಲೆ ಇವರದ್ದು. ಮೂರು ನಾಲ್ಕು ದಿನ ಮಾಲು ಅಲ್ಲೇ ಕೂರತ್ತೆ. ಲಾಭದ ಒಂದು ಪಾಲು ಅವರಿಗೆ ಹೋಗತ್ತೆ, ಲೇಟಾಯ್ತು ಅಂತ ಬೈಗುಳ ಮಾತ್ರ ಇವರಿಗೆ ಬರತ್ತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಲೇತಿನಲ್ಲಿ ಕಬ್ಬಿಣದ ತುಂಡು ತಿರುಗತ್ತೆ, ಟೂಲು ಅದನ್ನು ಹೆರೆಯತ್ತೆ. ಮಿಲ್ಲಿಂಗಿನಲ್ಲಿ ಉಲ್ಟಾ. ಹಲ್ಲಿರೋ ಕಟರು ತಿರುಗತ್ತೆ, ತುಂಡನ್ನು ಮೇಜಿನ ಮೇಲೆ ಬಿಗಿದು ಅದರ ಕೆಳಗೆ ಸರಿಸ್ತಾ ಹೋಗಬೇಕು. ಗ್ರೈಂಡರಿಗೆ ಸಿಕ್ಕಿಸೋ ಕಾಯಿತುರಿಯನ್ನು ನೆನಪಿಸಿಕೊಳ್ಳಿ, ಹಲ್ಲು ತಿರುಗ್ತಾ ಇರತ್ತೆ, ನಾವು ಕಾಯಿ ಹಿಡಿದು ಒತ್ತುತೀವಿ. ಹೆಚ್ಚುಕಮ್ಮಿ ಅದೇ. ಕೈಯ ಬದಲು ಇಲ್ಲಿ ಎರಚ್ಚು ಕಬ್ಬಿಣದ ಮೇಜು, ಅದನ್ನು ಸರಿಸೋಕೆ ಒಂದು ಉದ್ದದ ಸ್ಕ್ರೂ.

ನಾನು ಮೊದಲು ಮಾಡಿದ ಕೆಲಸ ಎಕ್ಸೆಲ್ ಶೀಟು. ಮತ್ತಿನ್ನೇನು ಬರತ್ತೆ ನಮಗೆ? ಹೊಸ ಟರೆಟ್ ಮಿಲ್ಲಿಂಗ್ ಮಷೀನು, ಅಂದ್ರೆ ಪೀಣ್ಯದಲ್ಲಿ ಎಂ1ಟಿಆರ್ ಅಂತ ಕರೀತಾರಲ್ಲ ಅದು, ಚಿಕ್ಕಪ್ಪನಿಗೆ ಹೇಳಿದ ದರ 4,80,000. ಮೇಲೆ 18% ಜಿಎಸ್‌ಟಿ 86,400. ಅವರು ನೋಡಿದ್ದ ಹಳೇ ಮಷೀನು 2,75,000. ಹಳೇದಕ್ಕೆ "ರಿಸ್ಕು", "ರಿಪೇರಿ", "ನಿಂತು ಹೋದರೆ ನಷ್ಟ" ಅಂತ ಮೂರು ಕಾಲಂ ಹಾಕಿ ನನಗೆ ತೋಚಿದ ಅಂಕಿ ತುಂಬಿದೆ. ಐದು ವರ್ಷದ ಲೆಕ್ಕದಲ್ಲಿ ಹೊಸದೇ ಗೆದ್ದಿತು. ಗೆಲ್ಲದೇ ಏನು ಮಾಡತ್ತೆ, ಅಂಕಿ ತುಂಬಿದವನು ನಾನೇ ತಾನೇ.

ಚಿಕ್ಕಪ್ಪ ಶೀಟು ನೋಡಿ ಏನೂ ಅನ್ನಲಿಲ್ಲ. ಅವರ ಆಡಿಟರ್ ಮಾತ್ರ ಒಂದೇ ನಿಮಿಷದಲ್ಲಿ ಒಂದು ತಪ್ಪು ಹಿಡಿದ್ರು. ಜಿಎಸ್‌ಟಿ ನೋಂದಣಿ ಇರೋ ಶೆಡ್ಡಿಗೆ ಆ 86,400 ಖರ್ಚಲ್ಲ, ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಹೊಂದಾಣಿಕೆ ಆಗತ್ತೆ. ಹಳೇ ಮಷೀನು ಮಾರೋರು ಸರಿಯಾದ ಬಿಲ್ಲು ಕೊಟ್ಟು ತೆರಿಗೆ ಹಾಕಿದ್ರೆ ಅದಕ್ಕೂ ಅಷ್ಟೇ. ಹಳೇ ಮಾಲಿನ ವ್ಯಾಪಾರಿ ತನ್ನ ಲಾಭದ ಮೇಲೆ ಮಾತ್ರ ತೆರಿಗೆ ಕಟ್ಟೋ ಪದ್ಧತಿಯಲ್ಲಿ ಮಾರಿದ್ರೆ ಆ ಕ್ರೆಡಿಟ್ ಸಿಗಲ್ಲ. ಬಿಲ್ಲೇ ಇಲ್ಲದೆ ಕೊಂಡರೆ ಆಮೇಲೆ ಸವಕಳಿ ತೋರಿಸೋಕೂ ತೊಂದರೆ. ಅಂದ್ರೆ ನಿಜವಾದ ವ್ಯತ್ಯಾಸ 2,05,000. ನಾನು ಕೊಡ್ತೀನಿ ಅಂದಿದ್ದ ದುಡ್ಡಿನಷ್ಟೇ!

ಇನ್ನು ತಮ್ಮನ ವಾದ ಬೇರೆ. ಅವನು ಡಿಪ್ಲೊಮಾ ಮುಗಿಸಿ ಎರಡು ವರ್ಷ ದೊಡ್ಡ ಫ್ಯಾಕ್ಟರಿಯಲ್ಲಿ ಸಿಎನ್‌ಸಿ ಮಷೀನು ನಡೆಸಿದವನು. "ಹ್ಯಾಂಡಲ್ ತಿರುಗಿಸ್ತಾ ಕೂರೋಕೆ ನಾನು ಬರಲ್ಲ ಅಣ್ಣ. ವಿಎಂಸಿ ಹಾಕಿದ್ರೆ ಬರ್ತೀನಿ, ಇಲ್ಲಾಂದ್ರೆ ನನ್ನ ಕೆಲಸ ನನಗಿದೆ" ಅಂದುಬಿಟ್ಟ. ಚಿಕ್ಕಪ್ಪನಿಗೆ 57. ಮಗ ಬರದಿದ್ದರೆ ಶೆಡ್ಡು ಇನ್ನೆಷ್ಟು ವರ್ಷ? ಹಾಗಾಗಿ ಮಾತು ಬರೀ ಮಷೀನಿನದ್ದಾಗಿ ಉಳಿದಿರಲಿಲ್ಲ.

2025ರ ಜನವರಿಯಲ್ಲಿ ಬಿಐಇಸಿಯಲ್ಲಿ ಇಮ್ಟೆಕ್ಸ್ ನಡೀತು. ಮೂರೂ ಜನ ಹೋದ್ವಿ. ಹಸಿರು ಲೈನು ಮಾದಾವರದ ತನಕ ಹೋಗೋಕೆ ಶುರುವಾಗಿದ್ದು 2024ರ ನವೆಂಬರಿನಲ್ಲಿ, ಹಾಗಾಗಿ ತುಮಕೂರು ರಸ್ತೆಯ ಟ್ರಾಫಿಕ್ಕಿನಿಂದ ಬಚಾವ್. ಒಳಗೆ ತಮ್ಮನ ಕಣ್ಣು ಅರಳಿತು. ಮಷೀನು ತಾನೇ ಟೂಲು ಬದಲಾಯಿಸತ್ತೆ, ತಾನೇ ಅಳೆಯತ್ತೆ. ನಿಜ ಹೇಳ್ತೀನಿ, ನನ್ನದೂ ಅರಳಿತು. ನಮಗೆ ಆಗಬಹುದಾದ ಒಂದು ಸಣ್ಣ ವಿಎಂಸಿಗೆ ಎಲ್ಲಾ ಸೇರಿ 25 ಲಕ್ಷದ ಮಾತು ಬಂತು. ಚಿಕ್ಕಪ್ಪ ಕ್ಯಾಟಲಾಗ್ ಮಡಿಸಿ ಚೀಲದಲ್ಲಿ ಇಟ್ಟುಕೊಂಡ್ರು.

ವಾಪಸ್ ಬರೋವಾಗ ಮೆಟ್ರೋದಲ್ಲಿ ಅವರು ಹೇಳಿದ್ದು ತಮ್ಮ ಸ್ನೇಹಿತರೊಬ್ಬರ ಕಥೆ. 2018ರಲ್ಲಿ ಸಾಲ ಮಾಡಿ ವಿಎಂಸಿ ಹಾಕಿದ್ರು. ಒಬ್ಬನೇ ಗಿರಾಕಿ ನಂಬಿಕೊಂಡು. ಒಂದೂವರೆ ವರ್ಷ ಚೆನ್ನಾಗೇ ನಡೀತು. 2020ರ ಲಾಕ್‌ಡೌನ್ ಬಂತು, ಆ ಗಿರಾಕಿ ಆರ್ಡರ್ ನಿಲ್ಲಿಸಿದ. ಕಂತು ಮುಂದೂಡೋ ಅವಕಾಶ ಆಗ ಕೆಲವು ತಿಂಗಳು ಸಿಕ್ಕಿತು, ಆದ್ರೆ ಬಡ್ಡಿ ಬೆಳೀತಾನೇ ಇತ್ತು. ಕೊನೆಗೆ ಮಷೀನೂ ಹೋಯ್ತು, ಮೊದಲಿಂದ ಇದ್ದ ಲೇತುಗಳೂ ಹೋದವು. "ಅವನು ನನಗಿಂತ ಚೆನ್ನಾಗಿ ಕೆಲಸ ಬಲ್ಲವನು ಕಣಪ್ಪಾ" ಅಂದ್ರು ಚಿಕ್ಕಪ್ಪ. ಅಷ್ಟೇ.

ಮನೆಗೆ ಬಂದು ಲೆಕ್ಕ ಹಾಕಿದೆ. 25 ಲಕ್ಷ, 11% ಬಡ್ಡಿ, ಐದು ವರ್ಷ ಅಂದ್ರೆ ತಿಂಗಳಿಗೆ ಸುಮಾರು 54 ಸಾವಿರ ಕಂತು. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಪೂರ್ತಿ ಕೆಲಸ ಇದ್ದರೆ ಗಂಟೆಗೆ 270 ರೂಪಾಯಿ ಬರೀ ಕಂತಿಗೆ. ಕರೆಂಟು, ಟೂಲು, ಸಂಬಳ, ಬಾಡಿಗೆ ಎಲ್ಲಾ ಬೇರೆ. ಕೆಲಸ ಅರ್ಧ ದಿನಕ್ಕೆ ಮಾತ್ರ ಇದ್ದರೆ ಅದೇ 270 ಅನ್ನೋದು 540 ಆಗತ್ತೆ. ಚಿಕ್ಕಪ್ಪನ ಹತ್ರ ಇದ್ದ ಮಿಲ್ಲಿಂಗ್ ಕೆಲಸ ದಿನಕ್ಕೆ ಹೆಚ್ಚಂದ್ರೆ ಮೂರು ಗಂಟೆಯದ್ದು. ಸಣ್ಣ ಉದ್ದಿಮೆಯವರಿಗೆ ಹೆಚ್ಚಂದ್ರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯಿದೆಯೇ ಹೇಳತ್ತೆ. ಚಿಕ್ಕಪ್ಪನಿಗೆ ಬರೋದು 90 ದಿನಕ್ಕೆ. ಬ್ಯಾಂಕಿನ ಕಂತು ಮಾತ್ರ 30 ದಿನಕ್ಕೊಂದು ಸಲ ತಪ್ಪದೇ ಬಾಗಿಲು ತಟ್ಟತ್ತೆ.

ಸರಿ, ವಿಎಂಸಿ ಸದ್ಯಕ್ಕೆ ಬೇಡ ಅಂತಾಯ್ತು. ಹಾಗಾದ್ರೆ ಹೊಸ ಎಂ1ಟಿಆರೋ, ಹಳೇದೋ? ಮುಂದಿನ ಎರಡು ಶನಿವಾರ ಹಳೇ ಮಷೀನು ನೋಡೋಕೆ ಚಿಕ್ಕಪ್ಪನ ಹಿಂದೆ ನಾನೂ ಸುತ್ತಿದೆ. ನಾಲ್ಕು ವರ್ಷದ ಇಂಜಿನಿಯರಿಂಗ್‌ಗಿಂತ ಜಾಸ್ತಿ ಕಲಿತೆ ಅಂದ್ರೆ ನಮ್ಮ ಮೇಷ್ಟ್ರುಗಳು ಬೇಜಾರು ಮಾಡ್ಕೋಬಾರದು.

ಮೊದಲನೇದು ಪಳಪಳ ಹೊಳೀತಿತ್ತು. ಹಸಿರು ಬಣ್ಣ, ಹೊಸ ಹ್ಯಾಂಡಲ್ಲು. ಯಾರ ಮಷೀನು ಅಂತ ಹೇಳೋ ತಗಡೇ ಕಿತ್ತು ಹೋಗಿತ್ತು. ಚಿಕ್ಕಪ್ಪ ಬಣ್ಣ ನೋಡಲೇ ಇಲ್ಲ. ಜೇಬಿನಿಂದ ಡಯಲ್ ತೆಗೆದು ಮೇಜಿಗೆ ತಾಗಿಸಿ ಹ್ಯಾಂಡಲ್ ಒಂದು ಕಡೆ ತಿರುಗಿಸಿದ್ರು, ಆಮೇಲೆ ಇನ್ನೊಂದು ಕಡೆ. ಹ್ಯಾಂಡಲ್ ಕಾಲು ಸುತ್ತು ತಿರುಗಿದ್ರೂ ಮುಳ್ಳು ಅಲ್ಲಾಡಲಿಲ್ಲ. ಊರಿನ ಹಳೇ ಬೋರ್‌ವೆಲ್ಲಿನ ಹ್ಯಾಂಡಲ್ ಒಂದು ಗೇಣು ಸುಮ್ನೆ ಆಡಿ ಆಮೇಲೆ ನೀರೆತ್ತತ್ತಲ್ಲ, ಹಾಗೆ. ಇದನ್ನೇ ನಾವು ಪುಸ್ತಕದಲ್ಲಿ ಬ್ಯಾಕ್‌ಲ್ಯಾಶ್ ಅಂತ ಓದಿದ್ದು. ಅವರು "ಪ್ಲೇ" ಅಂತಾರೆ. "ಇದೊಂದೇ ಆದ್ರೆ ನಟ್ಟು ಹಾಕಿದ್ರಾಯ್ತು" ಅಂದು ಇನ್ನೊಂದು ಪರೀಕ್ಷೆ ಮಾಡಿದ್ರು. ಮೇಜನ್ನು ನಡುವಿಗೆ ತಂದು ಗಿಬ್ಬು ಬಿಗಿ ಮಾಡಿದ್ರು. ಆಮೇಲೆ ಮೇಜನ್ನು ಕೊನೆಗೆ ಓಡಿಸಿ ಅಂದ್ರು. ಓಡಲಿಲ್ಲ, ಅರ್ಧದಲ್ಲೇ ಕಚ್ಚಿಕೊಳ್ತು.

ಯಾಕೆ ಹೀಗೆ? ವೈಸನ್ನು ಎಲ್ಲರೂ ಮೇಜಿನ ನಡುವೆ ಕೂರಿಸ್ತಾರೆ. ಇಪ್ಪತ್ತು ಮೂವತ್ತು ವರ್ಷ ಮೇಜು ಓಡಾಡೋದೆಲ್ಲಾ ನಡುವಿನಲ್ಲೇ. ಹಾಗಾಗಿ ಅಲ್ಲಿ ಸವೆದು ಹಳ್ಳ ಆಗಿರತ್ತೆ, ತುದಿಗಳು ಹೊಸದಾಗೇ ಇರ್ತವೆ. ನಡುವಿಗೆ ಸರಿಯಾಗಿ ಬಿಗಿ ಮಾಡಿದ್ರೆ ತುದಿಯಲ್ಲಿ ಸಿಕ್ಕಿಕೊಳ್ಳತ್ತೆ, ತುದಿಗೆ ಸರಿ ಮಾಡಿದ್ರೆ ನಡುವೆ ಅಲ್ಲಾಡತ್ತೆ. ಇದಕ್ಕೆ ಪೂರ್ತಿ ಬಿಚ್ಚಿ ಗ್ರೈಂಡ್ ಮಾಡಿಸಿ ಸ್ಕ್ರೇಪಿಂಗ್ ಮಾಡಿಸಬೇಕು. ಆ ಖರ್ಚಿನಲ್ಲಿ ಇನ್ನೊಂದು ಹಳೇ ಮಷೀನೇ ಬರತ್ತೆ. ನಾವು ಟೀ ಕುಡಿದು ಎದ್ದು ಬಂದ್ವಿ.

ನಾಲ್ಕನೆಯದು ಸಿಕ್ಕಿದ್ದು ಬಾಗಿಲು ಹಾಕ್ತಿದ್ದ ಒಂದು ಶೆಡ್ಡಿನಲ್ಲಿ. ಎಚ್‌ಎಂಟಿಯ ಎಫ್‌ಎನ್2ವಿ. ಎಚ್‌ಎಂಟಿ ಅಂದ್ರೆ ನಮ್ಮ ತಲೆಮಾರಿಗೆ ಅಪ್ಪನ ವಾಚು. ಆದ್ರೆ 1953ರಲ್ಲಿ ಜಾಲಹಳ್ಳಿಯಲ್ಲಿ ಅದು ಹುಟ್ಟಿದ್ದೇ ಇಂಥ ಮಷೀನು ಮಾಡೋಕೆ, ಹೆಸರಿನಲ್ಲೇ ಮಷೀನ್ ಟೂಲ್ಸ್ ಇದೆ. ವಾಚು ಬಂದಿದ್ದು ಆಮೇಲೆ. ಈ ಮಷೀನಿನ ಬಣ್ಣ ಎಲ್ಲಾ ಉದುರಿತ್ತು, ಮೈತುಂಬಾ ಎಣ್ಣೆಯ ಜಿಡ್ಡು. ಚಿಕ್ಕಪ್ಪ ಬಟ್ಟೆಯಲ್ಲಿ ಒರೆಸಿ ಮೇಜಿನ ಕೆಳಗಿನ ದಾರಿ ತೋರಿಸಿದ್ರು. ಫ್ಯಾಕ್ಟರಿಯಲ್ಲಿ ಕೈಯಿಂದ ಸ್ಕ್ರೇಪ್ ಮಾಡಿದ ಸಣ್ಣ ಸಣ್ಣ ಗುರುತು ನಡುವಿನಲ್ಲೂ ಇನ್ನೂ ಕಾಣ್ತಿತ್ತು. ಅಂದ್ರೆ ಸವೆತ ಕಡಿಮೆ. ಹಳೇ ಮಷೀನಿಗೆ ಹೊಸದಾಗಿ ಇಂಥ ಗುರುತು ಹಾಕಿ ಮೋಸ ಮಾಡೋರೂ ಇದಾರಂತೆ, ಅದಕ್ಕೆ ಗಿಬ್ಬಿನ ಪರೀಕ್ಷೆಯನ್ನೂ ಮಾಡಿದ್ರು. ಆಮೇಲೆ ಸ್ಪಿಂಡಲ್ಲಿಗೆ ಡಯಲ್ ಕಟ್ಟಿ ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ ತಲೆ ನೆಟ್ಟಗಿದೆಯಾ ನೋಡಿದ್ರು. ಸ್ಪಿಂಡಲ್ಲಿನ ಒಳಗಿನ ಟೇಪರಿಗೆ ಡಯಲ್ ತಾಗಿಸಿ ಓಲಾಟ ನೋಡಿದ್ರು, ಒಂದು ಸೆಂಟಿಗಿಂತ ಕಡಿಮೆ. ಸೆಂಟು ಅಂದ್ರೆ ಇಲ್ಲಿ ಜಾಗ ಅಲ್ಲ, ಮಿಲಿಮೀಟರಿನ ನೂರನೇ ಒಂದು ಪಾಲು :-) ಕೊನೆಗೆ ಜೋರು ಸ್ಪೀಡಿನಲ್ಲಿ ಮುಕ್ಕಾಲು ಗಂಟೆ ಓಡಿಸಿ ಬೇರಿಂಗ್ ಇರೋ ಜಾಗಕ್ಕೆ ಕೈಯಿಟ್ಟು ನಿಂತರು. ಜ್ವರ ನೋಡ್ತಾರಲ್ಲ ಹಾಗೆ.

ನಮ್ಮ ಮೆಟ್ರಾಲಜಿ ಪುಸ್ತಕದಲ್ಲಿ ಇದೆಲ್ಲಾ ಇತ್ತು. ಮಷೀನಿನ ನಿಖರತೆ ಹೀಗೇ ಪರೀಕ್ಷೆ ಮಾಡಬೇಕು ಅಂತ 1927ರಲ್ಲೇ ಜರ್ಮನಿಯ ಶ್ಲೆಸಿಂಜರ್ ಬರೆದಿಟ್ಟರು. ನಾನು ಅದನ್ನು ಹತ್ತು ಮಾರ್ಕಿನ ಪ್ರಶ್ನೆಗೆ ಉರು ಹೊಡೆದಿದ್ದೆ. ಚಿಕ್ಕಪ್ಪ ಶ್ಲೆಸಿಂಜರ್ ಹೆಸರೂ ಕೇಳಿಲ್ಲ.

ನಟ್ಟಿನಲ್ಲಿ ಪ್ಲೇ ಇತ್ತು, ಅದು ಬಿಟ್ಟರೆ ಗಟ್ಟಿಮುಟ್ಟು. 2,75,000ಕ್ಕೆ ಬಿಲ್ಲು ಸಮೇತ ತಗೊಂಡ್ವಿ. ಎರಡು ಟನ್ನಿನ ಮೇಲಿನ ಮಷೀನು, ಕ್ರೇನು ಲಾರಿ ಸೇರಿ 14,000. ಹೊಸ ಗನ್‌ಮೆಟಲ್ ನಟ್ಟು, ಎರಡು ಬೇರಿಂಗು, ಮೋಟಾರಿನ ಕೆಲಸ ಎಲ್ಲಾ 22,000. ಡಿಆರ್‌ಓ, ಅಂದ್ರೆ ಮೇಜು ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸೋ ಸಾಧನ, 35,000. ವೈಸು, ಕಟರು, ಹೋಲ್ಡರು 48,000. ಸಾಗಣೆ, ಡಿಆರ್‌ಓ, ವೈಸು ಕಟರು ಇವೆಲ್ಲಾ ಹೊಸ ಮಷೀನಿಗೂ ಬೇಕಿತ್ತು, ಹಾಗಾಗಿ ಅದನ್ನು ಹಳೇದರ ಖಾತೆಗೆ ಹಾಕೋದು ನ್ಯಾಯ ಅಲ್ಲ. ಹಳೇದು ಅನ್ನೋ ಕಾರಣಕ್ಕೆ ಆದ ಖರ್ಚು 22,000 ಮಾತ್ರ. ಸಾಲ ಒಂದು ರೂಪಾಯಿ ಇಲ್ಲ. ಹೆಚ್ಚುಕಮ್ಮಿ ಇದೇ ಬೆಲೆಯ ತೆಳು ಹೊಸ ಮಷೀನುಗಳೂ ಇದ್ದವು. ಅವಕ್ಕೆ ಮೈಯಲ್ಲಿ ಕಬ್ಬಿಣವೇ ಇಲ್ಲ. ಕಟರು ಕಚ್ಚಿದ ತಕ್ಷಣ ನಡುಗತ್ತೆ, ಆ ನಡುಕ ಜಾಬಿನ ಮೇಲೆ ಗೆರೆಗೆರೆಯಾಗಿ ಬೀಳತ್ತೆ. ಎರಚ್ಚು ಕಬ್ಬಿಣದ ತೂಕವೇ ಆ ನಡುಕ ನುಂಗೋದು.

ಇಲ್ಲಿಗೆ ಕಥೆ ಮುಗಿದಿದ್ರೆ "ಹಳೇದೇ ಚಿನ್ನ" ಅಂತ ಬರೆದು ಮುಗಿಸ್ತಿದ್ದೆ. ಆದ್ರೆ ಮುಗಿಯಲಿಲ್ಲ.

ಹೊಸ ನಟ್ಟು ಬರೋಕೆ ಹದಿನೈದು ದಿನ ಹಿಡೀತು. ಅಷ್ಟರಲ್ಲಿ ಚಿಕ್ಕಪ್ಪ ಹಳೇ ನಟ್ಟಿನಲ್ಲೇ ಕೆಲಸ ಶುರು ಮಾಡಿದ್ರು. ಒಂದು ದಿನ ಅವರು ಊರಿಗೆ ಹೋಗಿದ್ದಾಗ ರಜೆಯಲ್ಲಿದ್ದ ತಮ್ಮ ಶೆಡ್ಡಿಗೆ ಬಂದು ಒಂದು ಶಾಫ್ಟು ಹಚ್ಚಿದ. ಸಿಎನ್‌ಸಿಯಲ್ಲಿ ಅಭ್ಯಾಸ ಇದ್ದ ಹಾಗೆ, ಕಟರು ತಿರುಗೋ ದಿಕ್ಕಿಗೇ ಮೇಜು ಓಡಿಸಿದ, ಅಂದ್ರೆ ಕ್ಲೈಂಬ್ ಮಿಲ್ಲಿಂಗ್. ಪ್ಲೇ ಇರೋ ಮಷೀನಿನಲ್ಲಿ ಹಾಗೆ ಮಾಡಿದ್ರೆ ಕಟರು ಮೇಜನ್ನು ತನ್ನ ಕಡೆಗೆ ಎಳ್ಕೊಂಡುಬಿಡತ್ತೆ. ಎಳೀತು. ಕಟರು ಚೂರಾಗಿ ಒಂದು ಚೂರು ಅವನ ಹುಬ್ಬಿನ ಮೇಲೆ ಬಡೀತು. ಕನ್ನಡಕ ಹಾಕಿದ್ದ, ದೇವರು ದೊಡ್ಡವನು. ಮೂರು ಹೊಲಿಗೆ.

ಆಸ್ಪತ್ರೆಯಲ್ಲಿ ಚಿಕ್ಕಪ್ಪ ಅವನಿಗೆ ಬೈದ್ರು. "ಅಷ್ಟೂ ಗೊತ್ತಾಗಲ್ವೇನೋ?" ಅವನು ಒಂದೇ ಮಾತು ಹೇಳಿದ. "ನೀನು ಹೇಳಿದ್ದಾ ಅಪ್ಪ?"

ಚಿಕ್ಕಪ್ಪ ಸುಮ್ಮನಾದ್ರು. ನಾನೂ ಸುಮ್ಮನಾದೆ. ಯಾಕಂದ್ರೆ ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದೇ ಹೋಗಿದ್ದ ಕಾಲಂ ಅದೇ. ಹಳೇ ಮಷೀನಿನ ಬೆಲೆ 2,75,000 ಮಾತ್ರ ಅಲ್ಲ. ಅದರ ಜೊತೆಗೆ ಅದನ್ನು ಬಲ್ಲ ಒಬ್ಬ ಮನುಷ್ಯನೂ ಬೇಕು. ಯಾವ ಕಡೆ ಓಡಿಸಬೇಕು, ಎಲ್ಲಿ ಬಿಗಿ ಮಾಡಬೇಕು, ಯಾವ ಸದ್ದು ಬಂದರೆ ನಿಲ್ಲಿಸಬೇಕು ಅನ್ನೋದೆಲ್ಲಾ ಚಿಕ್ಕಪ್ಪನ ತಲೆಯಲ್ಲಿತ್ತು. ಆ ಮನುಷ್ಯ ಊರಿಗೆ ಹೋದ ದಿನ ಮಷೀನು ಅಗ್ಗದ್ದಲ್ಲ, ಅಪಾಯದ್ದು. ನಮ್ಮ ಆಫೀಸಿನಲ್ಲಿ ಹತ್ತು ವರ್ಷ ಹಳೇ ಕೋಡು ಇದೆ, ಅದು ಗೊತ್ತಿರೋದು ಒಬ್ಬರಿಗೇ, ಅವರು ರಜೆ ಹಾಕಿದ್ರೆ ನಮಗೆಲ್ಲಾ ನಡುಕ. ಅದೇ ಸಂಗತಿ ಕಬ್ಬಿಣದಲ್ಲಿ.

ಮುಂದಿನ ಭಾನುವಾರ ಚಿಕ್ಕಪ್ಪನನ್ನು ಕೂರಿಸಿಕೊಂಡು ಆ ಮಷೀನಿನ ಗುಣದೋಷ ಎಲ್ಲಾ ಕೇಳಿ ಕನ್ನಡದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಪಕ್ಕದ ಗೋಡೆಗೆ ಅಂಟಿಸಿದೆ. ಹದಿನೇಳು ಸಾಲು. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಇದು. ಒಪ್ಪದೇ ಇರೋರು ಜಗಳ ಆಡಬಹುದು.

ಕೈಯಿಂದ ನಡೆಸೋ ಮಷೀನು ಆದ್ರೆ ಒಳ್ಳೇ ಹಳೇದು ತಗೊಳ್ಳಿ. ಕಂಪ್ಯೂಟರಿನಿಂದ ನಡೆಯೋ ಮಷೀನು ಆದ್ರೆ ಹೊಸದೇ ತಗೊಳ್ಳಿ, ಅದೂ ಕೈಯಲ್ಲಿ ಆರ್ಡರ್ ಇದ್ದಾಗ ಮಾತ್ರ. ಕಾರಣ ಸರಳ. ಕಬ್ಬಿಣ ಸವೆಯೋದು ಕಣ್ಣಿಗೆ, ಕೈಗೆ, ಡಯಲ್ಲಿಗೆ ಗೊತ್ತಾಗತ್ತೆ, ನಿಧಾನಕ್ಕೆ ಸವೆಯತ್ತೆ, ಮತ್ತು ಪೀಣ್ಯದಲ್ಲಿ ಅದನ್ನು ಸರಿ ಮಾಡೋರು ಇದಾರೆ. ಎಲೆಕ್ಟ್ರಾನಿಕ್ಸ್ ಹಾಗಲ್ಲ. ನಿನ್ನೆ ಸಂಜೆ ತನಕ ಓಡಿ ಇವತ್ತು ಬೆಳಿಗ್ಗೆ ಸತ್ತಿರತ್ತೆ. ಹಳೇ ಸಿಎನ್‌ಸಿ ಕಂಟ್ರೋಲರುಗಳಲ್ಲಿ ಮಷೀನಿನ ಪ್ಯಾರಾಮೀಟರುಗಳನ್ನು ಒಂದು ಬ್ಯಾಟರಿ ಕಾಯ್ತಾ ಇರತ್ತೆ. ಬ್ಯಾಟರಿ ಸತ್ತು ಬ್ಯಾಕಪ್ ಇಲ್ಲದಿದ್ರೆ, ಮಷೀನಿಗೆ ತಾನು ಯಾರು ಅಂತಲೇ ಮರೆತುಹೋಗತ್ತೆ. ಬೋರ್ಡು ಹೋದ್ರೆ, ತಯಾರಿಕೆ ನಿಂತಿರೋ ಬೋರ್ಡನ್ನು ಎಲ್ಲಿಂದ ಹುಡುಕೋದು? ಡಯಲ್ ತಾಗಿಸಿ ಬೋರ್ಡಿನ ಆಯಸ್ಸು ನೋಡೋಕಾಗಲ್ಲ. ಸಾಫ್ಟ್‌ವೇರ್ ಮಾಡೋನಾಗಿ ಇದನ್ನು ಧೈರ್ಯವಾಗಿ ಹೇಳ್ತೀನಿ.

ಶೆಡ್ಡಿನಲ್ಲಿ ಚಿಕ್ಕಪ್ಪನಂಥವರು ಇಲ್ಲದೇ ಇದ್ದರೆ? ಆಗ ಕೈಯಿಂದ ನಡೆಸೋದೂ ಹೊಸದೇ ತಗೊಳ್ಳಿ. ಹೆಚ್ಚು ಕೊಡೋ ಎರಡು ಲಕ್ಷ ಆ ಅನುಭವದ ಬದಲಿಗೆ ಅಂತ ತಿಳ್ಕೊಳ್ಳಿ. ಅಗ್ಗದ ತೆಳು ಮಷೀನಿಗೆ ಮಾತ್ರ ಹೋಗಬೇಡಿ.

ತಮ್ಮ ಈಗ ವಾರಕ್ಕೆ ಒಂದು ದಿನ ಶೆಡ್ಡಿಗೆ ಬರ್ತಾನೆ. ಗೋಡೆಯ ಹದಿನೇಳು ಸಾಲಿಗೆ ಅವನೇ ಎರಡು ಸೇರಿಸಿದಾನೆ. ಮಷೀನು ಬಂದ ಮೊದಲ ಆರು ತಿಂಗಳಲ್ಲಿ ಹೊರಗೆ ಕಳಿಸೋ ಖರ್ಚು ಉಳಿದು, ಪಕ್ಕದ ಶೆಡ್ಡುಗಳ ಕೀವೇ ಕೆಲಸವೂ ಬಂದು, ಹಾಕಿದ ದುಡ್ಡಿನ ಮೂರನೇ ಒಂದು ಭಾಗ ವಾಪಸ್ ಬಂತು. ಒಂದೇ ಥರದ ಜಾಬು ದಿನಕ್ಕೆ ಆರು ಗಂಟೆ ಓಡೋವಷ್ಟು, ಇಬ್ಬರು ಬೇರೆ ಬೇರೆ ಗಿರಾಕಿಗಳಿಂದ ಬಂದ ದಿನ ಹೊಸ ವಿಎಂಸಿ ಅಂತ ಅಪ್ಪ ಮಗನ ನಡುವೆ ಒಪ್ಪಂದ ಆಗಿದೆ. ಇಮ್ಟೆಕ್ಸಿನ ಕ್ಯಾಟಲಾಗ್ ಚಿಕ್ಕಪ್ಪನ ಮೇಜಿನ ಡ್ರಾಯರಿನಲ್ಲಿ ಇನ್ನೂ ಇದೆ, ನಾನೇ ನೋಡಿದೆ. ಬೆಲೆ ಇರೋ ಪುಟದ ತುದಿ ಮಡಿಸಿಟ್ಟಿದಾರೆ.

ಅಂದ ಹಾಗೆ, ನಿಮ್ಮ ಮನೆಯಲ್ಲೂ ಯಾರಾದ್ರೂ ಶೆಡ್ಡು, ಗ್ಯಾರೇಜು, ರೈಸ್ ಮಿಲ್ಲು ನಡೆಸ್ತಿದ್ರೆ, ಅವರ ಮಷೀನಿನ ಗುಣದೋಷ ಒಂದು ಭಾನುವಾರ ಕೂತು ಬರ್ಕೊಳ್ಳಿ. ಬರೆಯೋ ಚಟ ಹೇಗೂ ನಮಗೆಲ್ಲಾ ಇದ್ದೇ ಇದೆ. ಹಳೇದು ಹೊಸದರ ಬಗ್ಗೆ ನಿಮ್ಮ ಅನುಭವ ಬೇರೆ ಇದ್ದರೆ ಹೇಳಿ, ಚಿಕ್ಕಪ್ಪನಿಗೆ ಓದಿ ಹೇಳ್ತೀನಿ.